ಲಕ್ಕಣ್ಣನ ಕೆಂಪು ಪಟ್ಟಿ

ಒಂದು ಕತ್ತರಿ ಆಡಿಸುವುದನ್ನು ನಮ್ಮ ತಿಮ್ಮೇಶ್ ಮಾವ ನಾಳೆಗೆಂದು ಮುಂದೂಡಿದ್ದರಿಂದ ಅಜ್ಜಂಪುರದ ಒಂದಿಡೀ ಬೀದಿ ಅರ್ಧ ದಿನ ಸೂತಕ ಆಚರಿಸಿತು. ಅವತ್ತು ಆ ಬೀದಿಯಲ್ಲಿ ಯಾರೂ ಸತ್ತಿರಲಿಲ್ಲ. ಸತ್ತವನು ಒಬ್ಬನಿದ್ದ ನಿಜ, ಆದರೆ ಅವನು ಕಡೂರಿನವನು, ಸತ್ತು ಒಂದು ಮಳೆಗಾಲವೇ ಕಳೆದಿತ್ತು.

ಮೊದಲು ಹೀರೋ ಎಂಟ್ರಿ ಆಗಲಿ. ನಮ್ಮ ಮಾವನ ಎಂಟ್ರಿಗೆ ಹೊಗೆಯಿಲ್ಲ, ಬಿರುಗಾಳಿಯಿಲ್ಲ. ಸ್ಲೋ ಮೋಷನ್ ಮಾತ್ರ ಇದೆ, ಅದೂ ಮಂಡಿನೋವಿನಿಂದ. ಅಮ್ಮನ ತಮ್ಮ, ನಲವತ್ತು ದಾಟಿದವನು, ಮದುವೆಯಾಗದವನು, ಬೋರ್‌ವೆಲ್ ಮೋಟಾರುಗಳ ವೈಂಡಿಂಗ್ ಅಂಗಡಿ ಇಟ್ಟವನು. ಅವನ ವಿಸಿಟಿಂಗ್ ಕಾರ್ಡಿನಲ್ಲಿ ಮೇಲೆ ದಪ್ಪಕ್ಷರದಲ್ಲಿ 'ತಿಮ್ಮೇಶ್, ಶಿಲಾರೋಹಿ' ಎಂದಿದೆ. ಕೆಳಗೆ ಸಣ್ಣದಾಗಿ 'ಸುಟ್ಟ ಮೋಟಾರ್ ರಿಪೇರಿ ಮಾಡಿಕೊಡಲಾಗುವುದು'. ಶಿಲಾರೋಹಿ ಅಂದರೆ ಏನೋ ಸರ್ಕಾರಿ ಹುದ್ದೆ ಎಂದುಕೊಂಡು ಒಬ್ಬರು ಜಮೀನಿನ ಖಾತೆ ಬದಲಾವಣೆಗೂ ಬಂದಿದ್ದರು.

ನಾನು ಅವನ ಅಕ್ಕನ ಮಗ ಅಭಿಲಾಷ್. ಡಿಗ್ರಿ ಮುಗಿದ ಮೇಲೆ ತರೀಕೆರೆಯಲ್ಲಿ ಅಪ್ಪನ ಡೈಲಾಗು ತಡೆಯಲಾರದೆ ಇಲ್ಲಿ ಬಂದು ಬಿದ್ದಿದ್ದೇನೆ. ಅಪ್ಪನ ಡೈಲಾಗಿಗೆ ಇಂಟರ್‌ವಲ್ ಇರುವುದಿಲ್ಲ.

ಮಾವ ಮತ್ತು ಕಡೂರಿನ ಲಕ್ಕಣ್ಣ ಹರೆಯದಲ್ಲಿ ಒಂದು ಬಂಡೆ ಹತ್ತುವ ಶಿಬಿರಕ್ಕೆ ಹೋಗಿ ಬಂದಿದ್ದರು. ಅಲ್ಲಿಂದ ಮುಂದೆ ಸಿಕ್ಕಿದ ಭಾನುವಾರವೆಲ್ಲ ಊರಾಚೆಯ ಗುಡ್ಡದ ಮೇಲೆ. ಇಬ್ಬರ ನಡುವೆ ಒಂದು ಹಗ್ಗ, ಒಂದು ಚೀಲ ಸಾಮಾನು. ಹೀಗೆ ಇಪ್ಪತ್ತು ವರ್ಷಕ್ಕೂ ಮೇಲೆ ಬಂಡೆಯಿಂದ ಬೀಳದ ಲಕ್ಕಣ್ಣ, ಹೋದ ಬೇಸಿಗೆಯಲ್ಲಿ ಕಡೂರಿನ ಒಂದು ಹೋಟೆಲಿನಲ್ಲಿ ಇಡ್ಲಿ ಮುರಿಯುತ್ತಾ ಕುರ್ಚಿಯಿಂದ ಬಿದ್ದ. ಎತ್ತಿದಾಗ ಜೀವವಿರಲಿಲ್ಲ. ಸಮತಟ್ಟಾದ ನೆಲದ ಮೇಲೆ, ಫ್ಯಾನಿನ ಕೆಳಗೆ. ಮಾವ ಅವತ್ತಿನಿಂದ ಗುಡ್ಡದ ಕಡೆ ತಿರುಗಿಯೂ ನೋಡಿರಲಿಲ್ಲ.

ಹೋದ ತಿಂಗಳು ಲಕ್ಕಣ್ಣನ ಹೆಂಡತಿ ಅಂಬಮ್ಮ ಆ ಚೀಲವನ್ನು ತಂದು ನಮ್ಮ ಜಗುಲಿಯ ಮೇಲಿಟ್ಟಳು.

"ತಿಮ್ಮೇಶ, ನಮ್ ಮಗ್ಳು ಸ್ಫೂರ್ತಿ ಅವ್ರಪ್ಪ ಹತ್ತಿದ್ ಬಂಡೆ ಹತ್ತಲೇಬೇಕು ಅಂತ ಹಟ ಹಿಡ್ದವ್ಳೆ. ಕಾಲೇಜಿನ ಹುಡುಗ್ರ ಜೊತೆ ಹೋಯ್ತಾಳಂತೆ. ಬ್ಯಾಡ ಅಂದ್ರೆ ಕದ್ದು ಹೋಯ್ತಾಳೆ. ಇದ್ರಾಗೆ ಯಾವುದು ಬದುಕೈತೆ, ಯಾವುದು ಸತ್ತೈತೆ, ನಂಗೇನ್ ಗೊತ್ತು? ನೀನೇ ನೋಡಿ ಸರಿ ಮಾಡ್ಕೊಡು. ಮುಂದಿನ್ ತಿಂಗ್ಳು ಬತ್ತೀನಿ."

"ಆಯ್ತು ಅತ್ತಿಗೆ," ಎಂದ ಮಾವ.

ಚೀಲದಲ್ಲಿದ್ದುದು ಇಷ್ಟೆ. ಬಂಡೆ ಹತ್ತುವವರು ಸೀಳಿನೊಳಗೆ ಒಂದು ಲೋಹದ ತುಂಡನ್ನು ಸಿಕ್ಕಿಸುತ್ತಾರೆ. ಅದಕ್ಕೆ ಅಗಲವಾದ ನೈಲಾನ್ ಪಟ್ಟಿಯ ಒಂದು ಕುಣಿಕೆ. ಆ ಕುಣಿಕೆಗೆ ಹಗ್ಗ, ಹಗ್ಗಕ್ಕೆ ಮನುಷ್ಯ. ಲೋಹ ಮೊಮ್ಮಕ್ಕಳ ಕಾಲದವರೆಗೂ ಬಾಳುತ್ತದೆ. ಪಟ್ಟಿ ಹಾಗಲ್ಲ. ಬಿಸಿಲು ಕುಡಿದು, ಬೆವರು ಕುಡಿದು, ಕಲ್ಲಿಗೆ ಉಜ್ಜಿಕೊಂಡು ಒಳಗೊಳಗೇ ಸಾಯುತ್ತದೆ. ಹೊರಗಿನಿಂದ ನೋಡಿದರೆ ಮದುವೆ ಗಂಡಿನ ಹಾಗೆ ಇರುತ್ತದೆ. ಅದಕ್ಕೇ ಕೆಲವು ವರ್ಷಕ್ಕೊಮ್ಮೆ ಹಳೆಯದನ್ನು ಬಿಚ್ಚಿ ಹೊಸದು ಕಟ್ಟಬೇಕು. ಬಿಚ್ಚಿದ್ದನ್ನು ಅಲ್ಲೇ ಕತ್ತರಿಸಿ ಚೂರು ಮಾಡಬೇಕು, ಇನ್ಯಾರೋ ಎತ್ತಿಕೊಂಡು ಹೋಗಿ ಅದಕ್ಕೆ ಜೀವ ತೂಗುಹಾಕಬಾರದಲ್ಲ, ಅದಕ್ಕೆ.

ಮಾವ ಲೋಹವನ್ನೆಲ್ಲ ಬಿಸಿನೀರಿನಲ್ಲಿ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆದ. ಅವನ ಅವ್ವ, ಅಂದರೆ ನನ್ನ ಅಜ್ಜಿ ಹನುಮಂತಮ್ಮ, ಕೊಬ್ಬರಿ ಎಣ್ಣೆ ಬಟ್ಟಲು ಹಿಡಿದು ಹಿಂದೆಯೇ ನಿಂತಿದ್ದಳು.

"ಒಂದೀಟ್ ಎಣ್ಣೆ ಸವ್ರೋ. ಮೈ ಮಿರಮಿರ ಅಂತದೆ."

"ಅವ್ವಾ, ಎಣ್ಣೆ ಹಾಕಿದ್ರೆ ಮಣ್ಣು ಅಂಟ್ಕಂತದೆ. ಇದೇನ್ ಮೊಮ್ಮಗನ ತಲೆನಾ?"

"ಮೊಮ್ಮಗ ಎಲ್ ಕೊಟ್ಟೆ ನೀನು, ಹೋಲ್ಸಕ್ಕೆ?"

ಬೆಂಗಳೂರಿನಿಂದ ಹೊಸ ಪಟ್ಟಿ ತರಿಸಿದ. ಮಡಿಕೆ ಬೀಳದಂತೆ, ತಿರುಚದಂತೆ ಗಂಟು ಹಾಕಿದ, ಗಂಟಿನಾಚೆ ಬಾಲ ಉದ್ದ ಬಿಟ್ಟ. ಒಂದೊಂದನ್ನೂ ಕೊಟ್ಟಿಗೆಯ ತೊಲೆಗೆ ನೇತುಹಾಕಿ ತಾನೇ ಅದರಲ್ಲಿ ಕಾಲಿಟ್ಟು ಕುಣಿದು ಗಂಟು ಬಿಗಿ ಮಾಡಿದ. ಎಲ್ಲ ಸರಿಯಾಗಿಯೇ ಮಾಡಿದ. ಹಳೆಯ ಪಟ್ಟಿಗಳ ಸರದಿ ಬಂದಾಗ ಕತ್ತರಿ ಹಿಡಿದು ಕೂತ. ಒಂದೊಂದರಲ್ಲೂ ಲಕ್ಕಣ್ಣನೇ ಹಾಕಿದ ಗಂಟು ಇತ್ತು. ಕತ್ತರಿ ಬಾಯಿ ತೆರೆಯಿತು, ಮುಚ್ಚಿತು, ಏನನ್ನೂ ಕಚ್ಚಲಿಲ್ಲ. "ನಾಳೆ ಮಾಡಾನ," ಎಂದು ಎಲ್ಲವನ್ನೂ ಕೊಟ್ಟಿಗೆಯ ಗೂಟಕ್ಕೆ ನೇತುಹಾಕಿದ.

ನಮ್ಮ ಅಜ್ಜಿಯ ಕಣ್ಣಿಗೆ ಬಿದ್ದ ಹಗ್ಗ ಗೂಟದಲ್ಲಿ ಸುಮ್ಮನೆ ಇರುವುದುಂಟೇ? ಅಂಬಮ್ಮ ಬರುವ ದಿನ ಬೆಳಿಗ್ಗೆ ಮಾವ ಎದ್ದು ನೋಡಿದಾಗ ಗೂಟ ಬೋಳಾಗಿತ್ತು.

"ಅವ್ವಾ! ಪಟ್ಟಿ ಎಲ್ಲಿ?"

"ಕೊಟ್ಟೆ, ಆಗ್ಲೇ ನಾಕ್ ದಿನ ಆಯ್ತು."

"ಯಾರಿಗೆ?"

"ಕೇಳ್ದೋರಿಗೆ. ನೀಲೀದು ಕರಿಸಿದ್ದಪ್ಪನ ಎಮ್ಮೆ ಕಟ್ಟಕ್ಕೆ ಹೋಯ್ತು. ಹಸಿರು ತಿಮ್ಮಪ್ಪನ್ ಮನೆ ಬಾವಿ ಕೊಡಕ್ಕೆ. ಹಳದೀದು ಬಟ್ಟೆ ಒಣಗಾಕಕ್ಕೆ ಎದ್ರು ಮನೇರ್ ಕೇಳಿದ್ರು. ಕೆಂಪುದ್ನ ನಮ್ ತಿಪ್ಪಮ್ಮ ಇಸ್ಕಂಡ್ಳು, ಮೊಮ್ಮಗು ಜೋಲಿ ಕಟ್ಟಕ್ಕೆ. ಎಂಥಾ ಗಟ್ಟಿ ಹಗ್ಗ ಕಣೋ! ಬೀದೀಲೆಲ್ಲ ನಿನ್ ಹೆಸ್ರು ಹೇಳ್ತಾವ್ರೆ."

ಮಾವನ ಕೈಲಿದ್ದ ಕಾಫಿ ಲೋಟ ನೆಲ ಸೇರಿತು. ಕೆಂಪು ಪಟ್ಟಿ ಎಲ್ಲಕ್ಕಿಂತ ಹಳೆಯದು. ಗುಡ್ಡದ ನೆತ್ತಿಯ ಮೇಲೆ ಅದೆಷ್ಟೋ ಬೇಸಿಗೆ ಒಣಗಿದ್ದು. ಅದರಲ್ಲಿ ಈಗ ಐದು ತಿಂಗಳ ಕೂಸು ತೂಗುತ್ತಿದೆ.

ನಾವು ಓಡಿದೆವು. ತಿಪ್ಪಮ್ಮನ ಮನೆ ಎಡಕ್ಕೆ ಎರಡನೆಯದು. ಸೊಸೆ ಶರ್ಮಿಳಾ ತರೀಕೆರೆಯ ಬಟ್ಟೆ ಅಂಗಡಿಗೆ ಬೆಳಗಿನ ಬಸ್ಸಿಗೇ ಹೋಗುತ್ತಾಳೆ, ಮಗ ಲಾರಿಯ ಮೇಲೆ ಯಾವ ರಾಜ್ಯದಲ್ಲಿದ್ದಾನೋ. ಮನೆಯಲ್ಲಿ ತಿಪ್ಪಮ್ಮ ಮತ್ತು ಕೂಸು ಮಾತ್ರ. ನಡುಮನೆಯ ತೊಲೆಯ ಕೊಂಡಿಗೆ ಕೆಂಪು ಪಟ್ಟಿ, ಪಟ್ಟಿಗೆ ಶರ್ಮಿಳಾಳ ಹಳೇ ಸೀರೆ, ಸೀರೆಯೊಳಗೆ ಕೂಸು. ಅದರ ಕೆಳಗೆ ನೇರವಾಗಿ ನೆಲದಲ್ಲಿ ಹೂತ ಒರಳುಕಲ್ಲು, ಬಾಯಿ ತೆರೆದುಕೊಂಡು ಕೂತಿತ್ತು.

"ತಿಪ್ಪಕ್ಕಾ, ಜೋಲಿ ಬಿಚ್ಚು, ಬೇರೆ ಹಗ್ಗ ಕೊಡ್ತೀನಿ. ಇದು ಹಳೇದಾಗೈತೆ, ಕಿತ್ತೋಯ್ತದೆ."

"ಶ್!" ಎಂದಳು ತಿಪ್ಪಮ್ಮ, ಇಡೀ ಬೀದಿಗೆ ಕೇಳುವಂತೆ. "ಈ ಕೂಸು ಹುಟ್ಟಿದಾಗ್ಲಿಂದ ನಾನು ಕಣ್ ಮುಚ್ಚಿರ್ಲಿಲ್ಲ ಕಣಪ್ಪ. ಈ ಕೆಂಪು ಹಗ್ಗ ಕಟ್ಟಿದ್ಮೇಲೆ ಮಧ್ಯಾನ್ದಗಂಟ ಮಿಸುಕಾಡಲ್ಲ. ಕೆಂಪು ಬಣ್ಣಕ್ಕೆ ದೃಷ್ಟಿ ತಾಗಲ್ಲ. ಬಿಚ್ಚಲ್ಲ."

"ಕಿತ್ತೋದ್ರೆ?"

"ಕಿತ್ತೋಗೋ ಹಗ್ಗನ ಇಟ್ಕಂಡು ನೀನ್ ಬಂಡೆ ಹತ್ತಿದ್ಯಾ? ಕೊಟ್ಮೇಲೆ ಹೊಟ್ಟೆ ಉರ್ಕಂಡು ವಾಪಸ್ ಕೇಳ್ಬಾರ್ದು ತಿಮ್ಮೇಶ."

ಅಷ್ಟರಲ್ಲಿ ಕರಿಸಿದ್ದಪ್ಪ ಬಂದ. ಬೀದಿಯಲ್ಲಿ ಟ್ರ್ಯಾಕ್ಟರ್ ಇರುವ ಏಕೈಕ ಮನುಷ್ಯ. ಆದ್ದರಿಂದ ಬೀದಿಯ ನ್ಯಾಯಾಧೀಶ.

"ಹಳೇದು ಅಂತೀಯಲ್ಲ, ನೋಡೇಬಿಡಾನ ಬಾ," ಎಂದ.

ಎಮ್ಮೆಯ ಕೊರಳಿನಿಂದ ನೀಲಿ ಪಟ್ಟಿ ಬಿಚ್ಚಿ ತಂದ. ರಸ್ತೆ ಬದಿ ಬಿದ್ದಿದ್ದ ತೆಂಗಿನ ದಿಮ್ಮಿಗೆ ಒಂದು ತುದಿ, ಟ್ರ್ಯಾಕ್ಟರಿಗೆ ಇನ್ನೊಂದು. ಜನ ಸೇರಿದರು. ಮಾವ ಕಣ್ಣು ಮುಚ್ಚಿಕೊಂಡು ನಿಂತ. ಪಟ್ಟಿ ಕಿತ್ತುಹೋಗಲಪ್ಪ ದೇವರೇ ಎಂದು ಒಬ್ಬ ಶಿಲಾರೋಹಿ ಬೇಡಿಕೊಂಡದ್ದು ಲೋಕದಲ್ಲಿ ಅದೇ ಮೊದಲಿರಬೇಕು. ಟ್ರ್ಯಾಕ್ಟರ್ ಗುಡುಗಿತು, ಹೊಗೆ ಉಗುಳಿತು, ಪಟ್ಟಿ ಬಿಗಿಯಾಗಿ ಹಾಡಿತು, ದಿಮ್ಮಿ ಕರು ಬಂದ ಹಾಗೆ ಹಿಂದೆ ಹಿಂದೆ ಬಂತು. ಜನ ಚಪ್ಪಾಳೆ ಹೊಡೆದರು.

"ಏನಪ್ಪಾ ಶಿಲಾರೋಹಿ? ದಿಮ್ಮಿ ಎಳೆದಿದ್ದು ಕೂಸ್ನ ತಡೆಯಲ್ವಾ?"

"ಇವತ್ತು ತಡೀತು ಕಣಣ್ಣ. ನಾಳೆ ತಡೀತದೆ ಅಂತ ಯಾರೂ ಹೇಳಕ್ಕಾಗಲ್ಲ."

"ಹಂಗ್ ನೋಡಿದ್ರೆ ನಾನೂ ಅಷ್ಟೆ, ನೀನೂ ಅಷ್ಟೆ!" ಎಂದ ಕರಿಸಿದ್ದಪ್ಪ. ಜನ ನಕ್ಕರು. ಮಾವ ನಗಲಿಲ್ಲ. ಲಕ್ಕಣ್ಣನ ಇಡ್ಲಿ ತಟ್ಟೆ ಅವನ ಕಣ್ಣ ಮುಂದೆ ಬಂದಿತ್ತೆಂದು ಕಾಣುತ್ತದೆ.

ಮನೆಗೆ ಬಂದು ತಲೆ ಮೇಲೆ ಕೈ ಹೊತ್ತು ಕೂತ. ನಾನು ಶರ್ಟಿನ ಕಾಲರ್ ಎತ್ತಿಕೊಂಡೆ. ಇಂಥ ಕಡೆಯಲ್ಲೇ ಸೆಕೆಂಡ್ ಹೀರೋ ಬರಬೇಕು.

"ಮಾವ, ನಿಜ ಹೇಳಿದ್ರೆ ಮೊದಲ್ನೇ ಶೋಗೇ ಎತ್ತಂಗಡಿ. ಸುಳ್ಳು ಹೇಳು, ನೂರು ದಿನ ಹೌಸ್‌ಫುಲ್. ಕತ್ತಿ ಹಿಡ್ಕಂಡ್ ಬಂದೋನ್ನ ಯಾರ್ ಬೇಕಾದ್ರೂ ತಡೀತಾರೆ. ಕತೆ ಹಿಡ್ಕಂಡ್ ಬಂದೋನ್ನ ತಡೆಯೋ ಗಂಡು ಈ ತಾಲ್ಲೂಕಲ್ಲಿ ಇನ್ನೂ ಹುಟ್ಟಿಲ್ಲ!"

"ಏನ್ ಸುಳ್ಳು?"

"ಚಟ್ಟದ ಹಗ್ಗ ಅನ್ನು."

ಮಾವ ನನ್ನ ಮುಖ ನೋಡಿದ. ನಮ್ಮ ಕಡೆ ಯಾವ ಹಗ್ಗವನ್ನೂ ಯಾರೂ ಎಸೆಯುವುದಿಲ್ಲ. ಎಸೆಯುವುದು ಒಂದನ್ನೇ, ಹೆಣ ಹೊತ್ತ ಚಟ್ಟ ಕಟ್ಟಿದ್ದನ್ನು. ಅದನ್ನು ಮಸಣದಲ್ಲೇ ಕೊಯ್ದು, ಹಿಂದೆ ತಿರುಗಿ ನೋಡದೆ ಬರಬೇಕು.

"ಥೂ, ಅಂಥಾ ಮಾತು ಬಾಯಲ್ಲಿ ಆಡ್ತಾರೇನೋ," ಎಂದ ಮಾವ. ಆಮೇಲೆ ಮೆಲ್ಲಗೆ ಕೇಳಿದ: "ನಂಬ್ತಾರಾ?"

ಬೀದಿ ನಲ್ಲಿಯ ಹತ್ತಿರ ಹೋಗಿ ಇಬ್ಬರು ಹೆಂಗಸರ ಕಿವಿಗೆ ಮಾತ್ರ ಹಾಕಿದೆ: ಲಕ್ಕಣ್ಣನ ಕೊನೇ ಆಸೆಯಂತೆ, ಚಟ್ಟವನ್ನು ಅವನ ಬಂಡೆ ಪಟ್ಟಿಗಳಲ್ಲೇ ಕಟ್ಟಿದ್ದರಂತೆ, ಮಾವ ಸ್ನೇಹಕ್ಕೆ ಅವನ್ನು ಮನೆಗೆ ತಂದಿಟ್ಟುಕೊಂಡಿದ್ದನಂತೆ, ಪಾಪ ಅಜ್ಜಿಗೆ ಗೊತ್ತಿಲ್ಲದೆ ಹಂಚಿಬಿಟ್ಟಳಂತೆ. ಯಾರಿಗೂ ಹೇಳಬೇಡಿ ಎಂದೂ ಹೇಳಿದೆ. ಈ ಒಂದು ಮಾತು ಸೇರಿಸದಿದ್ದರೆ ಯಾವ ಸುದ್ದಿಯೂ ಓಡುವುದಿಲ್ಲ.

ನಾನು ಮನೆ ತಲುಪುವುದಕ್ಕೆ ಮೊದಲೇ ಹಸಿರು ಪಟ್ಟಿ ಕೊಡದ ಸಮೇತ ಹಾರಿ ನಮ್ಮಂಗಳಕ್ಕೆ ಬಿತ್ತು. ಹಿಂದೆಯೇ ಹಳದಿ, ಅದರಲ್ಲಿ ಯಾರದೋ ಒದ್ದೆ ಪಂಚೆ ಇನ್ನೂ ನೇತಾಡುತ್ತಿತ್ತು. ನೀಲಿಯದನ್ನು ಕರಿಸಿದ್ದಪ್ಪ ಕೋಲಿನ ತುದಿಯಲ್ಲಿ ಹಿಡಿದು ತಂದ. ಒಂದು ಗಂಟೆಯ ಹಿಂದೆ ಅದೇ ಪಟ್ಟಿಯನ್ನು ಭುಜದ ಮೇಲೆ ಹೊತ್ತು ಮೆರೆದ ಮನುಷ್ಯ.

"ಲೇ ತಿಮ್ಮೇಶ, ಎಮ್ಮೆ ಬೆಳಿಗ್ಗೆ ಹಾಲ್ ಕಮ್ಮಿ ಕೊಡ್ತು ಅಂತ ಹಿಂಡಿ ಮೇಲೆ ಅನುಮಾನ ಪಟ್ಟಿದ್ನಲ್ಲೋ! ಟ್ರ್ಯಾಕ್ಟರ್‌ಗೂ ಕಟ್ಟಿಸ್ಬಿಟ್ಯಲ್ಲೋ! ಈಗ ಅದಕ್ಕೆ ಸ್ನಾನ ಮಾಡಿಸ್ಬೇಕಾ, ಪೂಜೆ ಮಾಡಿಸ್ಬೇಕಾ?"

ನಾನು ಮಾವನ ಬೆನ್ನು ತಟ್ಟಿದೆ. "ನೋಡ್ದಾ? ಕ್ಲೈಮ್ಯಾಕ್ಸು."

ಕ್ಲೈಮ್ಯಾಕ್ಸ್ ಅಲ್ಲ, ಅದು ಇಂಟರ್‌ವಲ್ ಆಗಿತ್ತು. ಕೆಂಪು ಪಟ್ಟಿ ಬರಲೇ ಇಲ್ಲ.

ತಿಪ್ಪಮ್ಮನ ಮನೆಯ ಮುಂದೆ ಜನ ಮುತ್ತಿಕೊಂಡಿದ್ದರು. ಅವಳು ಹೊಸಲಿನ ಮೇಲೆ ಅಡ್ಡ ಕೂತು ಎದೆ ಬಡಿದುಕೊಳ್ಳುತ್ತಿದ್ದಳು. ಒಳಗೆ ಜೋಲಿ ಹಾಗೆಯೇ ತೂಗುತ್ತಿತ್ತು. ಕೂಸು ಸುಖವಾಗಿ ನಿದ್ದೆ ಮಾಡುತ್ತಿತ್ತು.

"ಬಿಚ್ಚಕ್ಕಾ! ಇನ್ನೂ ಯಾಕೆ ಬಿಟ್ಟಿದ್ದೀಯ?" ಎಂದ ಮಾವ.

"ನಾನ್ ಹೆಂಗ್ ಮುಟ್ಟಲೋ ಪಾಪಿ! ಹಗ್ಗ ತಾಗಿದ್ ಸೀರೆ, ಸೀರೆ ತಾಗಿದ್ ಕೂಸು, ಎಲ್ಲಾ ಮೈಲಿಗೆ! ಅಂತರಘಟ್ಟಮ್ಮಂಗೆ ಹರಕೆ ಹೊತ್ತು ಮಡೀಲಿದೀನಿ, ಒಳಗೆ ದೀಪ ಉರೀತಾ ಐತೆ. ಚಟ್ಟದ ಹಗ್ಗ ಮುಟ್ಟಿ ಹರಕೆ ಕೆಟ್ರೆ ಆ ಕೂಸಿಗೇ ಬರೋದು! ಆ ಕೂಸಿಗೋಸ್ಕರನೇ ಹೊತ್ತಿರೋ ಹರಕೆ ಕಣೋ!"

ಜನರ ಕಡೆ ತಿರುಗಿದೆವು. ಕರಿಸಿದ್ದಪ್ಪ ಕೈ ಹಿಂದೆ ಕಟ್ಟಿಕೊಂಡ. "ನಮ್ ಹುಡುಗಂದು ಬರೋ ವಾರ ಲಗ್ನ. ಚಪ್ಪರದ ಕಂಬ ನೆಟ್ಟಾಗೈತೆ. ನಾನ್ ಮುಟ್ಟಂಗಿಲ್ಲ." ಬಾವಿ ಮನೆಯ ತಿಮ್ಮಪ್ಪ ಎದೆಯ ಮೇಲಿನ ಅಯ್ಯಪ್ಪನ ಮಾಲೆ ತೋರಿಸಿದ. ಇನ್ನೊಬ್ಬನ ಹೆಂಡತಿ ಬಸುರಿ. ಮತ್ತೊಬ್ಬಳು ಮೊನ್ನೆ ತಾನೆ ಗೃಹಪ್ರವೇಶ ಮಾಡಿದವಳು. ಆ ಬೀದಿಯಲ್ಲಿ ಇಷ್ಟೊಂದು ಶುಭಕಾರ್ಯ ನಡೆಯುತ್ತಿದೆಯೆಂದು ನನಗೆ ಅವತ್ತೇ ಗೊತ್ತಾದದ್ದು. ನೋಡಿದರೆ ಎಲ್ಲರ ಮುಖವೂ ಸತ್ತವರ ಮನೆಯ ಮುಂದೆ ನಿಂತ ಹಾಗಿತ್ತು.

"ಹಂಗಾರೆ ನಾನೇ ಮುಟ್ತೀನಿ. ದಾರಿ ಬಿಡಕ್ಕಾ," ಎಂದು ಮಾವ ಮುಂದೆ ಹೋದ.

"ಚಟ್ಟದ ಹಗ್ಗ ಮನೇಲಿಟ್ಕಂಡು ಮಲಗಿದೋನು ನೀನು! ನನ್ ದೇವರ ಮನೆ ದಾಟ್ಕಂಡ್ ಹೋಯ್ತೀಯಾ? ಮೊದ್ಲು ನನ್ನ ದಾಟು!"

ನಾನು ಪಕ್ಕದಿಂದ ನುಸುಳಿದೆ. ಪೊರಕೆ ನನ್ನ ಕಿವಿಯ ಮೇಲೆ ಬಿತ್ತು. ಹೊಡೆತದ ಸೌಂಡ್ ಎಫೆಕ್ಟ್ ಚೆನ್ನಾಗಿತ್ತು.

ಆಗ ಮಾವನಿಗೆ ತಡೆಯಲಾಗಲಿಲ್ಲ. ಕೈ ಮುಗಿದು, ಇದ್ದ ನಿಜವನ್ನು ಬೀದಿಗೆ ಬೀದಿಗೇ ಹೇಳಿಬಿಟ್ಟ. "ಅದು ಚಟ್ಟದ್ದಲ್ಲ ಕಣ್ರಪ್ಪಾ! ಸುಳ್ಳು ಹೇಳಿದ್ವಿ! ಬರೀ ಹಳೇ ಪಟ್ಟಿ. ಹಳೇದಾಗೈತೆ, ಅಷ್ಟೇಯ. ಒಬ್ರಾದ್ರೂ ಹೋಗಿ ಬಿಚ್ರಪ್ಪಾ!"

ಜನ ಒಬ್ಬರ ಮುಖ ಒಬ್ಬರು ನೋಡಿದರು. "ಗಾಬರೀಲಿ ಮಾತ್ ಬದಲಾಯಿಸ್ತಾವ್ನೆ," ಎಂದ ತಿಮ್ಮಪ್ಪ. "ಸಾವಿನ ವಿಷ್ಯದಲ್ಲಿ ಯಾವನಾದ್ರೂ ಸುಳ್ಳು ಹೇಳ್ತಾನಾ?" ಎಂದ ಕರಿಸಿದ್ದಪ್ಪ. ಬೆಳಿಗ್ಗೆ ನಿಜ ಹೇಳಿದಾಗ ಹೊಟ್ಟೆಕಿಚ್ಚು ಅಂದಿದ್ದರು. ಈಗ ನಿಜ ಹೇಳಿದರೆ ಗಾಬರಿ ಅಂದರು. ನಮ್ಮ ಮಾವನ ಹೆಸರಿನಲ್ಲಿ ಹೊರಟು ಗೆದ್ದದ್ದು ಸುಳ್ಳೊಂದೇ, ಅದೂ ನಾನು ಬರೆದುಕೊಟ್ಟದ್ದು.

ಅವನು ಮನೆಗೆ ಓಡಿಹೋಗಿ ದಿಂಬು, ಚಾಪೆ, ಹಾಸಿಗೆ ಹೊತ್ತು ತಂದು ಕಿಟಕಿಯ ಸರಳಿನ ನಡುವೆ ಒರಳುಕಲ್ಲಿನ ಕಡೆಗೆ ತೂರತೊಡಗಿದ. ಹಾಸಿಗೆ ಸರಳಿನಲ್ಲಿ ಸಿಕ್ಕಿಕೊಂಡಿತು. ಒಂದು ದಿಂಬು ಒಳಗೆ ಹೋಗಿ ಗೋಡೆಯ ಪಕ್ಕ ಬಿತ್ತು. ಹಾಸಿಗೆ ದಿಂಬು ಹೊರಗೆ ಎಸೆಯುವುದನ್ನು ನಮ್ಮ ಬೀದಿ ಒಂದೇ ಸಂದರ್ಭದಲ್ಲಿ, ಸಾವಿನ ಮನೆಯಲ್ಲಿ, ನೋಡಿದೆ. ಆಚೆ ರಸ್ತೆಯಲ್ಲಿ ಬೈಕಿನಲ್ಲಿ ಹೋಗುತ್ತಿದ್ದವನೊಬ್ಬ ಕಾಲೂರಿ ನಿಂತು ನೋಡಿದ: ಚಟ್ಟದ ಮಾತು, ಎದೆ ಬಡಿತ, ಹಾಸಿಗೆ ಎಸೆಯುವ ಮಗ. ಅವನಿಗೆ ಇನ್ನೇನು ಬೇಕು? ಹನುಮಂತಮ್ಮ ಹೋಗಿಬಿಟ್ಟಳು ಎಂದು ಬಸ್‌ಸ್ಟ್ಯಾಂಡಿನವರೆಗೂ ಹೇಳಿಕೊಂಡು ಹೋದ.

ಸ್ವಲ್ಪ ಹೊತ್ತಿಗೆ ಅಜ್ಜಿಯ ಫೋನು ಹೊಡೆದುಕೊಂಡಿತು. ತರೀಕೆರೆಯಿಂದ ಯಾರೋ ದೂರದ ನೆಂಟ. ಗದ್ದಲದಲ್ಲಿ ಅಜ್ಜಿ ಸ್ಪೀಕರಿಗೆ ಹಾಕಿದಳು.

"ಯಾರು, ಹೆಣ್ಮಗಳಾ? ಎಷ್ಟೊತ್ತಿಗವ್ವ ಎತ್ತದು? ನಾವು ಬರೋಗಂಟ ಇಟ್ಕಂಡಿರ್ತೀರಾ?"

"ಯಾರ್ ಹೋಗಿದ್ದಪ್ಪಾ?"

"ಹನುಮಂತಕ್ಕ."

"ಅಯ್ಯಯ್ಯೋ! ಯಾವ ಹನುಮಂತಕ್ಕ?"

"ಅದೇ, ಮೋಟಾರ್ ತಿಮ್ಮೇಶನ ಅವ್ವ. ಪಾಪ, ಬಾಯಿ ಒಂಚೂರು ಜೋರು, ಆದ್ರೆ ಮನಸ್ಸು ಒಳ್ಳೇದು."

ಅಜ್ಜಿ ಸೆರಗು ಬಾಯಿಗಿಟ್ಟುಕೊಂಡು ಬಿಕ್ಕಿದಳು. ಎರಡು ಹನಿ ಬಿದ್ದ ಮೇಲೆ ಅವಳಿಗೆ ಹೊಳೆಯಿತು. "ಯಾವನೋ ಅವ್ನು ಬಾಯಿ ಜೋರು ಅಂದೋನು!" ಎಂದು ಗುಡುಗಿದಳು. ಆ ಕಡೆ ಫೋನು ಕಟ್ಟಾಯಿತು. ಪಾಪ, ಹೆಣವೇ ಬೈದರೆ ಯಾರು ತಾನೆ ಲೈನಿನಲ್ಲಿರುತ್ತಾರೆ? ಇಷ್ಟರಲ್ಲಿ ಶಾಮಿಯಾನದವನು ಗಾಡಿ ನಿಲ್ಲಿಸಿ, ಕುರ್ಚಿ ಇಳಿಸಲೇ ಎಂದು ಅಜ್ಜಿಯನ್ನೇ ಕೇಳಿದ.

ನಗಬೇಕೆನ್ನಿಸಿತು. ಮಾವನ ಕಡೆ ತಿರುಗಿದೆ. ಅವನು ಇದಾವುದನ್ನೂ ಕೇಳಿಸಿಕೊಂಡಿರಲಿಲ್ಲ. ಕಿಟಕಿಯ ಸರಳು ಹಿಡಿದು, ಕಣ್ಣು ಮಿಟುಕಿಸದೆ, ತೊಲೆಯ ಕೊಂಡಿಯಲ್ಲಿ ಕೆಂಪು ಪಟ್ಟಿ ಮಡಿಸಿಕೊಂಡ ಜಾಗವನ್ನೇ ನೋಡುತ್ತಿದ್ದ. ಜೋಲಿ ಅತ್ತ ಹೋದಾಗ ಅವನ ಉಸಿರು ಅತ್ತ, ಇತ್ತ ಬಂದಾಗ ಇತ್ತ. ಕೂಸು ನಿದ್ದೆಯಲ್ಲೇ ಒಮ್ಮೆ ಕಾಲು ಝಾಡಿಸಿತು. ಮಾವ "ಲಕ್ಕಣ್ಣಾ," ಎಂದ. ನನಗೆ ಮಾತ್ರ ಕೇಳಿಸಿತು.

ಆಗ ಜನ ದಾರಿ ಬಿಟ್ಟರು. ಅಂಬಮ್ಮ ಬಂದಿದ್ದಳು.

ಚೀಲ ತೆಗೆದುಕೊಂಡು ಹೋಗಲು ಕಡೂರಿನ ಬಸ್ಸಿಳಿದವಳಿಗೆ ಬಸ್‌ಸ್ಟ್ಯಾಂಡಿನಲ್ಲಿ ಹನುಮಂತಮ್ಮ ಸತ್ತ ಸುದ್ದಿ ಸಿಕ್ಕಿತ್ತು. ಕೈಯಲ್ಲಿ ಎಲೆ ಸುತ್ತಿದ ಹೂವಿನ ಹಾರ. ಎದುರಿಗೇ ನಿಂತ ಅಜ್ಜಿಯನ್ನು ನೋಡಿ ಅವಳು ಬೆಚ್ಚಲಿಲ್ಲ, ಕೂಗಲಿಲ್ಲ. ಹಾರವನ್ನು ಕೈಗೆ ಕೊಟ್ಟು, "ಇಟ್ಕಳವ್ವ, ದೇವ್ರಿಗೆ ಹಾಕು," ಎಂದಳು. ಆಮೇಲೆ ಮಾವನ ಕಡೆ ತಿರುಗಿದಳು.

"ತಿಮ್ಮೇಶ. ದಾರೀಲಿ ಇನ್ನೊಂದ್ ಮಾತು ಕೇಳ್ದೆ. ನಮ್ಮನೆಯವ್ರ ಚಟ್ಟ ಕಟ್ಟಿದ್ ಹಗ್ಗ ಈ ಬೀದಿಲೈತಂತೆ?"

ನನ್ನ ಕಾಲರ್ ತಾನಾಗಿಯೇ ಕೆಳಗಿಳಿಯಿತು.

"ಅತ್ತಿಗೆ, ನಾನೇ ಹೇಳಿದ ಸುಳ್ಳು," ಎಂದ ಮಾವ. ನನ್ನ ಹೆಸರು ಎತ್ತಲಿಲ್ಲ. "ಹಳೇ ಪಟ್ಟಿ ಕತ್ತರಿಸಕ್ಕೆ ಕೈ ಬರ್ಲಿಲ್ಲ. ಲಕ್ಕಣ್ಣನ ಗಂಟು ಇದ್ವು. ನೇತಾಕಿದ್ದೆ. ಅವ್ವ ಹಂಚಿಬಿಟ್ಳು. ಕೆಂಪುದ್ರಲ್ಲಿ ಕೂಸು ಮಲಗೈತೆ. ಹಳೇದು ಅಂದ್ರೆ ಯಾರೂ ಬಿಚ್ಚಲಿಲ್ಲ. ಚಟ್ಟದ್ದು ಅಂದ್ರೆ ಯಾರೂ ಮುಟ್ಟಲ್ಲ ಅಂತವ್ರೆ."

ಅಂಬಮ್ಮ ಕಿಟಕಿಯಿಂದ ಒಳಗೆ ನೋಡಿದಳು. ಕೆಂಪು ಪಟ್ಟಿ ನೋಡಿದಳು. ಒರಳುಕಲ್ಲು ನೋಡಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊಸಲಿನ ಮುಂದೆ ಬಂದು ನಿಂತಳು.

"ದಾರಿ ಬಿಡವ್ವ."

"ಚಟ್ಟದ್ದು ಕಣಮ್ಮಾ, ಮುಟ್ಟಿದ್ರೆ ನಿಂಗೆ..." ಎಂದಳು ತಿಪ್ಪಮ್ಮ.

"ನಂಗೆ ಏನಾಯ್ತದೆ?"

ತಿಪ್ಪಮ್ಮ ಬಾಯಿ ತೆರೆದಳು. ಅಂಬಮ್ಮನ ಬೋಳು ಹಣೆ ನೋಡಿ ಬಾಯಿ ಮುಚ್ಚಿದಳು. ನಿಧಾನವಾಗಿ ಕಾಲು ಮಡಿಸಿಕೊಂಡಳು.

ಅಂಬಮ್ಮ ಒಳಗೆ ಹೋಗಿ ಕೂಸನ್ನು ಎತ್ತಿಕೊಂಡಳು. ಅದು ಎಚ್ಚರವಾಗಿ ಅವಳ ಮುಖ ನೋಡಿತು. ಹೊರಗೆ ತಂದು ತಿಪ್ಪಮ್ಮನ ಮಡಿಲಿಗೆ ಹಾಕಿದಳು. ಮಡಿ, ಹರಕೆ ಯಾವುದೂ ನೆನಪಾಗದೆ ತಿಪ್ಪಮ್ಮ ಅದನ್ನು ಎದೆಗೆ ಒತ್ತಿಕೊಂಡು ಅಳತೊಡಗಿದಳು. ಅಂಬಮ್ಮ ಮತ್ತೆ ಒಳಹೋಗಿ, ಸ್ಟೂಲು ಹತ್ತಿ, ಸೀರೆ ಇಳಿಸಿ, ಪಟ್ಟಿ ಬಿಚ್ಚಿಕೊಂಡು ಬಂದು ನಮ್ಮ ಜಗುಲಿಯ ಮೇಲೆ ಕೂತಳು.

"ಕತ್ತರಿ ಕೊಡು."

ನಾನು ಓಡಿಹೋಗಿ ತಂದೆ. ಅವಳು ಅದನ್ನು ಮಾವನ ಕಡೆ ಚಾಚಿದಳು. ಅವನು ಕೈ ಮುಂದೆ ಮಾಡಲಿಲ್ಲ.

"ಹನ್ನೊಂದ್ನೇ ದಿನ ನನ್ ಕೊರಳಿನ ದಾರ ಕಿತ್ರು ಕಣೋ ತಿಮ್ಮೇಶ," ಎಂದಳು. ದನಿ ಏರಲಿಲ್ಲ. "ಇದ್ರಾಗೆ ಗಂಡನ ನೆನಪೈತೆ, ಗೂಟಕ್ಕೆ ನೇತಾಕ್ಕಂತೀನಿ ಅಂತ ನಾನ್ ಕೇಳ್ಲಿಲ್ಲ. ಕೇಳಿದ್ರೂ ಯಾರೂ ಬಿಡ್ತಿರ್ಲಿಲ್ಲ. ನಿಂಗೆ ಈ ಲಾಡಿ ಕತ್ತರ್ಸಕ್ಕೆ ಅಳು ಬತ್ತದೆ?"

ಶಾಮಿಯಾನದವನು ಗಾಡಿಯ ಇಂ‌ಜಿನ್ ಆಫ್ ಮಾಡಿದ.

ಮಾವ ಕತ್ತರಿ ತೆಗೆದುಕೊಂಡ. ಹಸಿರು ಕತ್ತರಿಸಿದ. ಹಳದಿ ಕತ್ತರಿಸಿದ. ಟ್ರ್ಯಾಕ್ಟರ್ ಎಳೆದ ನೀಲಿಯನ್ನು ಕತ್ತರಿಸಿದ. ಮೂಗು ಸೊರಸೊರ ಅನ್ನುತ್ತಿತ್ತು, ಕೈ ನಿಲ್ಲಲಿಲ್ಲ. ಕೆಂಪಿನ ಹತ್ತಿರ ಬಂದಾಗ ಅಂಬಮ್ಮ, "ಅದ್ನ ಇಲ್ ಕೊಡು," ಎಂದಳು.

ಅವಳು ಗಂಟಿನ ಮೇಲೆ ಒಮ್ಮೆ ಬೆರಳಾಡಿಸಿದಳು. ಕತ್ತರಿ ಇಟ್ಟಳು. ಪಟ್ಟಿ ಜಪ್ಪಯ್ಯ ಅನ್ನಲಿಲ್ಲ. ಎರಡೂ ಕೈಯಲ್ಲಿ ಒತ್ತಿದಳು, ಕತ್ತರಿ ಜಾರಿತು. ಮಾವ ನೆರವಿಗೆ ಬಗ್ಗಿದಾಗ ಮೊಣಕೈಯಿಂದ ಅವನನ್ನು ಆಚೆ ತಳ್ಳಿದಳು. ಅಂಚಿನಿಂದ ಎಳೆ ಎಳೆಯಾಗಿ ಗರಗಸದ ಹಾಗೆ ಕೊಯ್ಯತೊಡಗಿದಳು. ಬಹಳ ಹೊತ್ತು ಹಿಡಿಯಿತು. ನಾವೆಲ್ಲ ನಿಂತು ನೋಡುತ್ತಿದ್ದೆವು. ಕೊನೆಯ ಎಳೆ ಕಿತ್ತು ಎರಡು ತುಂಡು ಅವಳ ಎರಡು ಕೈಗೆ ಬಂದವು.

ತಿಪ್ಪಮ್ಮ ಕೂಸನ್ನು ಹೆಗಲಿಗೆ ಹಾಕಿಕೊಂಡು ಅಲ್ಲೇ ನಿಂತಿದ್ದಳು. ಮೆಲ್ಲಗೆ ಅಂದಳು:

"ಗಟ್ಟಿಯಾಗೇ ಇತ್ತಲ್ಲವ್ವಾ."

"ಇತ್ತು," ಎಂದಳು ಅಂಬಮ್ಮ, ತುಂಡುಗಳನ್ನು ಮಡಿಲಿನಿಂದ ಕೊಡವುತ್ತಾ. "ಅವ್ರೂ ಗಟ್ಟಿಯಾಗೇ ಇದ್ರು."

ಆಮೇಲೆ ಎದ್ದು, ಹೊಸ ಪಟ್ಟಿ ಕಟ್ಟಿದ ಸಾಮಾನಿನ ಚೀಲವನ್ನು ಮಗಳಿಗೆಂದು ಹೆಗಲಿಗೇರಿಸಿಕೊಂಡು, ಬಸ್ಸಿಗೆ ಹೊತ್ತಾಯಿತೆಂದು ಹೊರಟಳು.